ಸೊಮಿನ್‌ನ ಮನೆ, ಕೊತಾನ್‌ನ ಬಾಗಿಲು

ಜಪಾನಿನ ಕ್ಯೋಟೊದ ಗಿಯೊನ್ ಹಬ್ಬ ಹುಟ್ಟಿದ್ದೇ ಸಾಂಕ್ರಾಮಿಕ ರೋಗದಿಂದ. ಕ್ರಿ.ಶ. 869ರಲ್ಲಿ ಬೇನೆ ಹಬ್ಬಿದಾಗ, ನಾಡಿನ 66 ಪ್ರಾಂತ್ಯಗಳ ಹೆಸರಲ್ಲಿ 66 ಭರ್ಜಿಗಳನ್ನು ನಿಲ್ಲಿಸಿ ಪೂಜಿಸಿದರಂತೆ. ಅದೇ ಹಬ್ಬದ ರಥಗಳ ಮೆರವಣಿಗೆ 2020ರಲ್ಲೂ 2021ರಲ್ಲೂ ಹೊರಡಲಿಲ್ಲ. ತಡೆದದ್ದು ಕೊರೊನಾ ವೈರಸ್.

ಈ ಹಬ್ಬದ ಹಳೆಯ ದೇವರು ಗೊಜು ತೆನ್ನೊ. ಬೇನೆ ತರುವವನೂ ಅವನೇ, ಕಾಯುವವನೂ ಅವನೇ. ಮಾರಮ್ಮನಿಗೆ ನಡೆದುಕೊಳ್ಳುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಥೆ ಹೀಗೆ: ಒಮ್ಮೆ ದಾರಿಯಲ್ಲಿ ಕತ್ತಲಾದಾಗ ಆ ದೇವರು ತಂಗಲು ಜಾಗ ಕೇಳಿದ. ಸಿರಿವಂತ ಕೊತಾನ್ ಇಲ್ಲವೆಂದ. ಅವನ ಬಡ ಅಣ್ಣ ಸೊಮಿನ್ ಒಳಗೆ ಕರೆದು ನವಣೆ ಅನ್ನ ಬಡಿಸಿದ. ದೇವರು ಮರಳಿ ಬಂದು, ಸೊಮಿನ್ ಮನೆಯವರಿಗೆ ಹುಲ್ಲಿನ ಬಳೆ ಕಟ್ಟಿಕೊಳ್ಳಲು ಹೇಳಿದ. ಬೇನೆ ಬಂದಾಗ ಅವರು ಉಳಿದರು, ಕೊತಾನ್‌ನ ಮನೆತನ ಅಳಿಯಿತು. ಇಂದಿಗೂ ಕ್ಯೋಟೊದ ಎಷ್ಟೋ ಬಾಗಿಲುಗಳ ಮೇಲೆ, ಮನೆಯವರು ಸೊಮಿನ್‌ನ ವಂಶದವರೆಂದು ಸಾರುವ 'ಚಿಮಾಕಿ' ಎಂಬ ರಕ್ಷೆ ತೂಗುತ್ತದೆ.

ವಿಜ್ಞಾನ ಹೇಳುವುದು ಇದಕ್ಕೆ ತಿರುಗುಮುರುಗು. ಬಾವಲಿ, ದನ, ಬೆಕ್ಕು, ಮನುಷ್ಯ ಎಲ್ಲರನ್ನೂ ಕಾಡುವ ಆರ್‌ಎನ್‌ಎ ವೈರಸ್‌ಗಳ ಈ ಕೊರೊನಾ ಬಳಗಕ್ಕೆ ಸದುದ್ದೇಶ ತಿಳಿಯದು. ಅದರ ಲೆಕ್ಕದಲ್ಲಿ, ಬಾಗಿಲು ತೆರೆದ ಸೊಮಿನ್‌ನೇ ಮೊದಲು ಮಲಗಬೇಕು. ಹಾಗಾದರೆ ಬೇನೆಯ ಕಾಲದಲ್ಲಿ ಅತಿಥಿ ಸತ್ಕಾರ ತಪ್ಪೇ?

2020ರ ಫೆಬ್ರವರಿ 3ರಂದು ಸೋಂಕು ಹೊತ್ತ 'ಡೈಮಂಡ್ ಪ್ರಿನ್ಸೆಸ್' ಪ್ರವಾಸಿ ಹಡಗು 3,711 ಜನರೊಂದಿಗೆ ಯೊಕೊಹಾಮಾ ತಲುಪಿದಾಗ ಈ ಪ್ರಶ್ನೆ ಕಥೆಯಾಗಿ ಉಳಿಯಲಿಲ್ಲ. ಸರ್ಕಾರ ಪ್ರಯಾಣಿಕರನ್ನು ಊರೊಳಗೆ ತಿರುಗಾಡಲು ಬಿಡಲಿಲ್ಲ. ಊರಿನ ಮುದುಕರ ಜೀವ ನೆನೆದರೆ ಅದು ಸರಿಯೇ. ಫೆಬ್ರವರಿ 5ರಿಂದ ಪ್ರಯಾಣಿಕರು ತಮ್ಮ ಕ್ಯಾಬಿನ್‌ಗಳಲ್ಲೇ ಉಳಿದರು. ಕೊನೆಗೆ 712 ಮಂದಿಗೆ ಸೋಂಕು ತಗುಲಿತು.

ಆದರೆ ಆ ಕ್ಯಾಬಿನ್‌ಗಳಿಗೆ ಹೊತ್ತುಹೊತ್ತಿಗೆ ಊಟ ಒಯ್ದವರು ಯಾರು? ಹಡಗಿನ ಸಿಬ್ಬಂದಿ. ಅವರಲ್ಲಿ ನೂರಕ್ಕೂ ಹೆಚ್ಚು ಭಾರತೀಯರಿದ್ದರು. ಪ್ರಯಾಣಿಕರನ್ನು ಬೇರೆಬೇರೆ ಇರಿಸಿದ್ದಾಗ, ಇವರು ಕ್ಯಾಬಿನ್ ಹಂಚಿಕೊಂಡು ಮಲಗುತ್ತಿದ್ದರು, ಒಂದೇ ಊಟದ ಮನೆಯಲ್ಲಿ ಉಣ್ಣುತ್ತಿದ್ದರು. ಸಿಬ್ಬಂದಿಯಲ್ಲಿ ಮೊದಲು ಸೋಂಕು ದೃಢಪಟ್ಟ 20 ಮಂದಿಯಲ್ಲಿ 15 ಮಂದಿ ಊಟೋಪಚಾರದ ಕೆಲಸದವರು.

ಕೊತಾನ್‌ನ ಪಾಪ ಬಾಗಿಲು ಹಾಕಿದ್ದಲ್ಲ. ಉಂಡುಟ್ಟು ಮಿಗುವಷ್ಟಿದ್ದೂ ಹೊರಗಿದ್ದವನಿಗೆ ಏನೂ ಕೊಡದೇ ಹೋದದ್ದು. ಹಾಗೆ ಓದಿದರೆ ಕ್ವಾರಂಟೈನ್‌ಗೂ ಧರ್ಮಕ್ಕೂ ಜಗಳವಿಲ್ಲ. ಹಡಗಿನಲ್ಲಿ ಸೊಮಿನ್‌ನ ಕೆಲಸ ಮಾಡಿದವರು ಊಟದ ತಟ್ಟೆ ಹಿಡಿದವರು. ಕಥೆಯ ದೇವರು ಅನ್ನವಿಟ್ಟವನನ್ನು ಬೇನೆ ಬರುವ ಮೊದಲೇ ಕಾಪಾಡಿದ. ಯೊಕೊಹಾಮಾದಲ್ಲಿ ಅನ್ನವಿಟ್ಟವರ ಸರದಿ ಕೊನೆಗೆ ಬಂತು. ಸೋಂಕಿಲ್ಲದ ಪ್ರಯಾಣಿಕರು ಫೆಬ್ರವರಿ 19ರಿಂದ ಇಳಿಯತೊಡಗಿದರು. ಉಳಿದ ಸಿಬ್ಬಂದಿಯೂ ಇಳಿದು ಹಡಗು ಖಾಲಿಯಾದದ್ದು ಮಾರ್ಚ್ 1ರಂದು.