ಅಳಿವೆ ದಾಟುವ ಮೊದಲು

ಧ್ಯಾನಕ್ಕಾಗಿ: ಸಂತ ಲೂಕ 5:1-11



ಗೆನೆಸರೇತ್ ಸರೋವರದ ದಡದಲ್ಲಿ ನಡೆದ ಘಟನೆ ನಮಗೆಲ್ಲ ತಿಳಿದದ್ದೇ. ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿ ಮರಳಿದ್ದ ಸಿಮೋನ ಪೇತ್ರ ಮತ್ತು ಸಂಗಡಿಗರು ಬಲೆ ತೊಳೆಯುತ್ತಿದ್ದರು. ಪ್ರಭು ಯೇಸು ಪೇತ್ರನ ದೋಣಿಯನ್ನೇರಿ ಜನರಿಗೆ ಬೋಧಿಸಿದರು. ಬೋಧನೆ ಮುಗಿದ ಮೇಲೆ, ಆಳವಾದ ನೀರಿಗೆ ಹೋಗಿ ಬಲೆ ಹಾಕುವಂತೆ ಹೇಳಿದರು.

ಈ ಮಾತನ್ನು ಒಪ್ಪುವುದು ಎಷ್ಟು ಕಷ್ಟವೆಂದು ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಪೇತ್ರ ಕಸುಬುದಾರ ಮೀನುಗಾರ. ಯೇಸು ನಜರೇತಿನ ಬಡಗಿ. ರಾತ್ರಿ ಸಿಗದ ಮೀನು ಹಾಡುಹಗಲಿನಲ್ಲಿ ಸಿಕ್ಕೀತೇ? ಮೀನು ಹಿಡಿಯುವುದನ್ನು ಬಡಗಿಯಿಂದ ಕಲಿಯಬೇಕೇ? ಪೇತ್ರನು ತನ್ನ ಅನುಭವವನ್ನು ಮುಚ್ಚಿಡಲಿಲ್ಲ. ರಾತ್ರಿಯೆಲ್ಲ ದುಡಿದರೂ ಏನೂ ಸಿಗಲಿಲ್ಲವೆಂದು ನೇರವಾಗಿಯೇ ತಿಳಿಸಿದನು. ಆದರೂ ಪ್ರಭುವಿನ ಮಾತಿನ ಮೇಲೆ ಭರವಸೆಯಿಟ್ಟು, ತೊಳೆದ ಬಲೆಯನ್ನು ಮತ್ತೆ ನೀರಿಗಿಳಿಸಿದನು.

ಇಲ್ಲಿ ನಮಗೊಂದು ಪಾಠವಿದೆ. ನಮಗೆ ತಿಳಿಯದ ವಿಷಯದಲ್ಲಿ ದೇವರನ್ನು ಕೇಳುವುದು ಸುಲಭ. ಡಾಕ್ಟರು ಕೈಚೆಲ್ಲಿದಾಗ, ಕೋರ್ಟಿನ ತೀರ್ಪು ಬರಬೇಕಾದಾಗ ಜಪಸರ ತಾನಾಗಿಯೇ ಕೈಗೆ ಬರುತ್ತದೆ. ಆದರೆ ನಮಗೆ ಚೆನ್ನಾಗಿ ಗೊತ್ತಿದೆ ಎಂದುಕೊಂಡ ವಿಷಯದಲ್ಲಿ ದೇವರನ್ನು ಕೇಳುವವರೆಷ್ಟು ಮಂದಿ? ನಿಜವಾದ ನಮ್ರತೆಯ ಪರೀಕ್ಷೆ ಅಲ್ಲಿದೆ.

ಶರಾವತಿ ಕಡಲನ್ನು ಸೇರುವ ಹೊನ್ನಾವರದ ಅಳಿವೆಯನ್ನು ನೋಡಿರಿ. ಅಲ್ಲಿನ ಮರಳು ಒಂದೇ ಕಡೆ ನಿಲ್ಲುವುದಿಲ್ಲ. ಮಳೆಗಾಲದ ಪ್ರವಾಹವೂ ಕಡಲಿನ ಅಲೆಗಳೂ ಅದನ್ನು ಸರಿಸುತ್ತಲೇ ಇರುತ್ತವೆ. ಜೂನ್, ಜುಲೈ ತಿಂಗಳ ನಿಷೇಧ ಮುಗಿದು ಯಾಂತ್ರಿಕ ದೋಣಿಗಳು ಮತ್ತೆ ಹೊರಡುವಾಗ, ಮೂವತ್ತು ವರ್ಷ ಕಡಲು ಕಂಡ ತಂಡೇಲನೂ ನೀರಿನ ಬಣ್ಣ, ಅಲೆ ಒಡೆಯುವ ಜಾಗ, ಭರತ ಇಳಿತ ಎಲ್ಲವನ್ನೂ ಹೊಸದಾಗಿ ಗಮನಿಸಬೇಕು. ಹೋದ ವರ್ಷ ದಾರಿಯಾಗಿದ್ದದ್ದು ಈ ವರ್ಷ ದಿಬ್ಬವಾಗಿರಬಹುದು. 'ನನಗೆಲ್ಲ ಗೊತ್ತು' ಎಂದವನ ದೋಣಿಯೇ ಮರಳಿಗೆ ಬಡಿಯುತ್ತದೆ. ನಮ್ರತೆಯೆಂದರೆ ಅನುಭವವನ್ನು ಬಿಸಾಡುವುದಲ್ಲ. ಅನುಭವವಿದ್ದೂ ಮತ್ತೆ ನೋಡುವುದು, ಮತ್ತೆ ಕೇಳುವುದು.

ನಮ್ಮ ಕುಟುಂಬಗಳಲ್ಲಿ ಏನಾಗುತ್ತಿದೆ? ಮಗನನ್ನು ಗಲ್ಫಿಗೆ ಕಳುಹಿಸಬೇಕೇ, ಮಗಳ ಮದುವೆ ಯಾವಾಗ, ದೋಣಿಗೆ ಸಾಲ ಮಾಡಬೇಕೇ, ಹಿರಿಯರ ಜಮೀನು ಮಾರಬೇಕೇ ಎಂಬುದನ್ನೆಲ್ಲ ನಾವೇ ತೀರ್ಮಾನಿಸುತ್ತೇವೆ. ವೀಸಾ ಬಂದ ಮೇಲೆ, ಸಾಲದ ಕಾಗದಕ್ಕೆ ಸಹಿ ಬಿದ್ದ ಮೇಲೆ ಗುರುಗಳ ಬಳಿ ಬಂದು ಒಂದು ಪೂಜೆ ಹೇಳಿಸುತ್ತೇವೆ. ಕೃತಜ್ಞತೆಯ ಪೂಜೆ ಒಳ್ಳೆಯದೇ. ಆದರೆ ದೇವರು ನಮ್ಮ ಅರ್ಜಿಗೆ ಮೊಹರು ಒತ್ತುವ ಗುಮಾಸ್ತನಲ್ಲ. ಅವರು ನಮ್ಮ ತಂದೆ. ಮನೆಯ ಮಾತುಕತೆಗೆ ತಂದೆಯನ್ನು ಮೊದಲು ಕರೆಯಬೇಕು, ಕೊನೆಯಲ್ಲಲ್ಲ.

ಕೆಲವರು ಹೇಳಬಹುದು: 'ನಮ್ಮ ಆಸೆ ಒಳ್ಳೆಯದೇ ಅಲ್ಲವೇ? ಕೇಳುವುದೇನಿದೆ?' ಇದಕ್ಕೆ ನಮ್ಮ ಕೆನರಾ ನೆಲದಲ್ಲಿ ನಡೆದಾಡಿದ ಸಂತ ಜೋಸೆಫ್ ವಾಜ್ ಉತ್ತರ ಕೊಡುತ್ತಾರೆ. 1651ರಲ್ಲಿ ಗೋವಾದ ಬೆನಾವ್ಲಿಯಲ್ಲಿ ಹುಟ್ಟಿದ ಈ ಗುರುಗಳ ಮನಸ್ಸು ಸಿಂಹಳದ್ವೀಪದ ಮೇಲಿತ್ತು. ಅಲ್ಲಿ ಡಚ್ಚರ ಆಳ್ವಿಕೆಯಲ್ಲಿ ಕಥೋಲಿಕರು ಗುರುಗಳಿಲ್ಲದೆ ನರಳುತ್ತಿದ್ದರು. ತನ್ನನ್ನು ಅಲ್ಲಿಗೆ ಕಳುಹಿಸಬೇಕೆಂದು ಅವರು ಬೇಡಿಕೊಂಡರು. ಎಷ್ಟು ಪವಿತ್ರವಾದ ಆಸೆ! ಆದರೆ 1681ರಲ್ಲಿ ಮೇಲಧಿಕಾರಿಗಳು ಅವರನ್ನು ಕೆನರಾ ಮಿಶನಿನ ಮುಖ್ಯಸ್ಥರನ್ನಾಗಿ ನೇಮಿಸಿದರು. ಅಲ್ಲಿಯೂ ಸುಖವಿರಲಿಲ್ಲ, ಅಧಿಕಾರ ಯಾರದೆಂಬ ವಿವಾದದಿಂದ ಭಕ್ತರು ಒಡೆದುಹೋಗಿದ್ದರು. ಜೋಸೆಫ್ ವಾಜರು ಗೊಣಗಲಿಲ್ಲ. ಸುಮಾರು ಮೂರು ವರ್ಷ ಈ ಕರಾವಳಿಯಲ್ಲಿ ಶಾಂತಿಗಾಗಿ ದುಡಿದರು. ಸಿಂಹಳದ ಬಾಗಿಲು ತೆರೆದದ್ದು ಆಮೇಲೆ, 1687ರಲ್ಲಿ. ಅಲ್ಲಿ 1711ರವರೆಗೆ, ಪ್ರಾಣವಿರುವ ತನಕ ಸೇವೆ ಮಾಡಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಪೇತ್ರನು ತನ್ನ ತಿಳಿವಳಿಕೆಯನ್ನು ದೇವರಿಗೊಪ್ಪಿಸಿದನು. ಜೋಸೆಫ್ ವಾಜರು ತಮ್ಮ ಒಳ್ಳೆಯ ಆಸೆಯನ್ನೂ ಒಪ್ಪಿಸಿದರು. ದೇವರು ಆ ಆಸೆಯನ್ನು ಕಸಿದುಕೊಳ್ಳಲಿಲ್ಲ, ಹಣ್ಣಾಗಲು ಬಿಟ್ಟರು.

ಹಾಗಾದರೆ ದೇವರ ಮಾರ್ಗದರ್ಶನ ನಮಗೆ ಹೇಗೆ ಸಿಗುತ್ತದೆ? ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಾಕ್ಯದಿಂದ ಶಕುನ ನೋಡುವುದು ವಿಶ್ವಾಸವಲ್ಲ. ಕೈಕಟ್ಟಿ ಕುಳಿತು ದೇವರು ನೋಡಿಕೊಳ್ಳುತ್ತಾರೆ ಎನ್ನುವುದೂ ವಿಶ್ವಾಸವಲ್ಲ. ಬಲೆ ಹಾಕುವ ಕೆಲಸ ಪೇತ್ರನದೇ ಆಗಿತ್ತು. ದೇವರು ಸಾಮಾನ್ಯವಾಗಿ ಸಾಮಾನ್ಯ ದಾರಿಗಳಲ್ಲೇ ಮಾತನಾಡುತ್ತಾರೆ: ದಿನವೂ ಓದುವ ಶುಭಸಂದೇಶದಲ್ಲಿ, ಪ್ರಾರ್ಥನೆಯಲ್ಲಿ ಶುದ್ಧವಾದ ಮನಸ್ಸಾಕ್ಷಿಯಲ್ಲಿ, ಧರ್ಮಸಭೆಯ ಬೋಧನೆಯಲ್ಲಿ, ಹೆಂಡತಿಯ ಎಚ್ಚರಿಕೆಯ ಮಾತಿನಲ್ಲಿ, ಮುದಿ ತಾಯಿಯ ಸಲಹೆಯಲ್ಲಿ. ಇನ್ನೊಬ್ಬರಿಂದ ಕಲಿಯುವ ಮನಸ್ಸು ವಿವೇಕದ ಒಂದು ಅಂಗವೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಹೆಂಡತಿ ಮಕ್ಕಳ ಮಾತಿಗೆ ಕಿವಿಗೊಡದವನು ದೇವರ ಮಾತಿಗೆ ಕಿವಿಗೊಡುತ್ತೇನೆಂದರೆ ಅದನ್ನು ನಂಬುವುದು ಕಷ್ಟ.

ಇನ್ನೊಂದು ವಿಷಯ ಮರೆಯಬಾರದು. ಬಲೆ ತುಂಬಿದ ಆ ದಿನವೇ ಪೇತ್ರನು ಪ್ರಭುವಿನ ಕಾಲಿಗೆರಗಿ ತಾನು ಪಾಪಿಯೆಂದನು. ದಡ ಸೇರಿದ ಮೇಲೆ ಎಲ್ಲವನ್ನೂ ಬಿಟ್ಟು ಅವರನ್ನು ಹಿಂಬಾಲಿಸಿದನು. ದೇವರನ್ನು ಕೇಳಿದರೆ ಬಲೆ ತುಂಬಿಯೇ ತುಂಬುತ್ತದೆಂಬ ಭರವಸೆ ಇಲ್ಲ. ಪ್ರಭು ನಮ್ಮ ದೋಣಿಯಲ್ಲಿರುತ್ತಾರೆಂಬ ಭರವಸೆ ಇದೆ. ಅಷ್ಟು ಸಾಕು.

ಈ ವಾರ ಒಂದು ಸಂಜೆ ಜಪಸರ ಮುಗಿದ ಮೇಲೆ ಮನೆಯವರೆಲ್ಲರೂ ಹತ್ತು ನಿಮಿಷ ಒಟ್ಟಿಗೆ ಕುಳಿತುಕೊಳ್ಳಿರಿ. ಇನ್ನೂ ತೀರ್ಮಾನವಾಗದ ಒಂದು ವಿಷಯವನ್ನು ದೇವರ ಮುಂದಿಡಿರಿ. ಚಿಕ್ಕವರಿಗೂ ಮಾತನಾಡಲು ಬಿಡಿರಿ. ಆಮೇಲೆ ಮೌನವಾಗಿ ಹೀಗೆ ಬೇಡಿರಿ: 'ಪ್ರಭುವೇ, ನಮಗೆ ಗೊತ್ತಿರುವುದನ್ನೂ ನಮಗೆ ಬೇಕಾದುದನ್ನೂ ನಿಮ್ಮ ಕೈಗೆ ಕೊಡುತ್ತೇವೆ. ಈ ದಿನ ನಾವು ಇಡಬೇಕಾದ ಹೆಜ್ಜೆಯನ್ನು ತೋರಿಸಿರಿ. ಆಮೆನ್.'