ಬನ್ನಿಯನ್ನು ಯಾರು ಯಾರಿಗೆ ಕೊಡಬೇಕು?

ವಿಜಯದಶಮಿಯ ಸಂಜೆ ಕುಷ್ಟಗಿ, ಯಲಬುರ್ಗಾ ಸೀಮೆಯ ಊರುಗಳಲ್ಲಿ ಜನ ಬನ್ನಿಯ ಗಿಡಕ್ಕೆ ಪೂಜೆ ಸಲ್ಲಿಸಿ, ಎಲೆ ತಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಇದಕ್ಕೆ ಬನ್ನಿ ಮುಡಿಯುವುದು ಎಂದು ಹೆಸರು. ಸಣ್ಣವರು ದೊಡ್ಡವರ ಕೈಯಲ್ಲಿ ಎಲೆಯಿಟ್ಟು ಕಾಲು ಮುಟ್ಟುತ್ತಾರೆ; ಸರೀಕರು ತಬ್ಬಿಕೊಳ್ಳುತ್ತಾರೆ. “ಬನ್ನಿ ತಗೊಂಡು ಬಂಗಾರದಂಗ ಇರೋಣ” ಎಂಬುದು ಆ ದಿನದ ಮಾತು. ವರ್ಷವಿಡೀ ಮಾತು ಬಿಟ್ಟವರೂ ಅಂದು ಮಾತನಾಡಬೇಕೆಂಬುದು ರೂಢಿ.

ಈ ಹಬ್ಬಕ್ಕೆ ರಾಜವೈಭವದ ಇನ್ನೊಂದು ಮುಖವೂ ಉಂಟು. ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿದರೆ ಹಂಪಿ. ಅಲ್ಲಿಯ ಮಹಾನವಮಿಯನ್ನು 1520ರ ಸುಮಾರಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆ, ಕುದುರೆ, ಆಭರಣಗಳನ್ನು ಬೆರಗಿನಿಂದ ಬಣ್ಣಿಸಿದ್ದಾನೆ. 1565ರ ಯುದ್ಧದ ತರುವಾಯ ಆ ಹೊನ್ನೆಲ್ಲ ಹೋಗಿ ಕಲ್ಲಿನ ದಿಬ್ಬ ಉಳಿಯಿತು. ಬಡವನ ಬಂಗಾರವಾದ ಎಲೆ ಮಾತ್ರ ಇಂದಿಗೂ ಕೈಯಿಂದ ಕೈಗೆ ಹೋಗುತ್ತಿದೆ.

ಎಲೆ ಬಂಗಾರವಾದುದೇಕೆ? ಈ ಬಗ್ಗೆ ಹೇಳುವ ಕಥೆಗಳಲ್ಲಿ ರಘು ಮತ್ತು ಕೌತ್ಸರದು ನನಗೆ ಹೆಚ್ಚು ಪ್ರಿಯ. ಕಾಳಿದಾಸನ ‘ರಘುವಂಶ’ದಲ್ಲಿ ಬರುವಂತೆ, ಗುರುದಕ್ಷಿಣೆಗಾಗಿ 14 ಕೋಟಿ ಹೊನ್ನು ಬೇಡಲು ಕೌತ್ಸ ಬಂದಾಗ, ಸರ್ವಸ್ವವನ್ನೂ ದಾನ ಮಾಡಿದ್ದ ರಘುವಿನ ಬಳಿ ಇದ್ದದ್ದು ಮಣ್ಣಿನ ಪಾತ್ರೆ. ಕುಬೇರನು ಹೊನ್ನಿನ ಮಳೆ ಸುರಿಸಿದ. ಬಂದದ್ದೆಲ್ಲ ನಿನ್ನದೇ ಎಂದ ರಘು. ಗುರುವಿನ ಋಣಕ್ಕಿಂತ ಹೆಚ್ಚು ಒಲ್ಲೆನೆಂದ ಕೌತ್ಸ. ಜನರ ಬಾಯಲ್ಲಿ ಆ ಹೊನ್ನು ಗಿಡದ ಮೇಲೆಯೇ ಸುರಿಯಿತು. ಮಿಕ್ಕದ್ದು ಊರಿಗೆಲ್ಲ ಹಂಚಿಹೋಯಿತು.

ಅಂದಮೇಲೆ ಇದು ಋಣ ತೀರಿಸುವ ಹಬ್ಬ. ನನ್ನ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ದಾಯಾದಿಯ ಹೊಲದ ಬದುವನ್ನು ಎರಡು ಮೊಳ ಒತ್ತಿಕೊಂಡವನು ಅವನಿಗೆ ಬನ್ನಿ ಕೊಟ್ಟು ತಬ್ಬಿಕೊಂಡರೆ ಋಣ ತೀರಿತೆ? ಇಲ್ಲ. ಹಾಗೆಂದು ಆ ಅಪ್ಪುಗೆಯನ್ನು ಬೂಟಾಟಿಕೆಯೆಂದು ತಳ್ಳಿಹಾಕಲೂ ನನಗೆ ಮನಸ್ಸಿಲ್ಲ. ಮನಸ್ಸು ತಿಳಿಯಾಗಲೆಂದು ಕಾಯುತ್ತ ಕುಳಿತರೆ ಎಷ್ಟೋ ಮನೆಗಳ ಬಾಗಿಲು ತೆರೆಯುವುದೇ ಇಲ್ಲ. ರೂಢಿಯು ಮನಸ್ಸನ್ನು ಕೇಳದೆ ಮೊದಲು ಕೈ ಚಾಚಿಸುತ್ತದೆ. ಅದು ದೊಡ್ಡ ಉಪಕಾರ. ಆದರೆ ಎಲೆ ಬಾಗಿಲು ತೆರೆಸೀತೇ ಹೊರತು ಬದುವನ್ನು ಹಿಂದಕ್ಕೆ ಸರಿಸಲಾರದು. ಅದಕ್ಕೆ ಮರುದಿನ ಹೊಲಕ್ಕೆ ಹೋಗಬೇಕು.

ಇನ್ನು, ಮೊದಲು ಎದ್ದು ನಡೆಯಬೇಕಾದವರು ಯಾರು? ಸಣ್ಣವರು ದೊಡ್ಡವರ ಬಳಿಗೆ ಹೋಗಲಿ ಎನ್ನುತ್ತದೆ ರೂಢಿ. ವಯಸ್ಸಿನ ಮಟ್ಟಿಗೆ ಇದು ಸರಿ. ಆದರೆ ನಮ್ಮಲ್ಲಿ ಜಾತಿಯಿಂದಲೂ ಹಣದಿಂದಲೂ ಜನರನ್ನು ಸಣ್ಣವರೆನ್ನುವುದುಂಟು. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತರ ಎಳೆಯ ಮಗುವೊಂದು ಗುಡಿಯೊಳಗೆ ಕಾಲಿಟ್ಟಿತೆಂದು, ಶುದ್ಧಿಯ ಹೆಸರಿನಲ್ಲಿ ಮನೆಯವರಿಂದ ದಂಡ ಕೇಳಲಾಯಿತು. ಸಂಗತಿ ಹೊರಬಿದ್ದ ಮೇಲೆ ಪೊಲೀಸರು ಮೊಕದ್ದಮೆ ಹೂಡಿದರು. ಮುಂದಿನ ತಿಂಗಳೇ ವಿಜಯದಶಮಿ. ಅಂಥ ವರ್ಷ ಯಾರು ಯಾರ ಮನೆಗೆ ಬನ್ನಿ ಒಯ್ಯಬೇಕು?

ನನಗೆ ತೋರುವುದು ಇಷ್ಟೆ: ಬನ್ನಿಯ ದಿನ ಯಾರ ತಲೆಯ ಮೇಲೆ ಋಣವಿದೆಯೋ ಅವರೇ ಸಣ್ಣವರು. ಬದು ಒತ್ತಿದವನು ಅಣ್ಣನೇ ಆಗಿರಲಿ, ತಮ್ಮನ ಹೊಸ್ತಿಲಿಗೆ ಅವನೇ ಹೋಗಬೇಕು. ಮಗುವಿನಿಂದ ದಂಡ ಬೇಡಿದ ಊರು ಎಲೆ ಹಿಡಿದು ಆ ಮಗುವಿನ ಕೇರಿಗೆ ತಾನೇ ನಡೆಯಬೇಕು. ಬಳಿಕ ಗುಡಿಯ ಬಾಗಿಲನ್ನು ಅದಕ್ಕೆ ವರ್ಷವಿಡೀ ತೆರೆದಿಡಬೇಕು. ಅಷ್ಟಾದರೆ ಬಂಗಾರದ ಮಾತು ನಿಜವಾದೀತು.