ರಾಗಕ್ಕೆ ಮೈಲಿಗೆಯುಂಟೆ?

ನಾಲ್ಕನೆಯ ತರಗತಿಯ ಮಕ್ಕಳಿಗೆ ಹದಿನೇಳರ ಮಗ್ಗಿಯನ್ನು ಕಲಿಸುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ಉಪಾಧ್ಯಾಯ ಬಂಧುಗಳಿಗೆ ನಾನು ವಿವರಿಸಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ ನಾನೊಂದು ಉಪಾಯ ಹೂಡಿದೆ. ಆಗ ಎಲ್ಲರ ಬಾಯಲ್ಲಿಯೂ ನಲಿಯುತ್ತಿದ್ದ ಚಲನಚಿತ್ರಗೀತೆಯೊಂದರ ಮಟ್ಟಿಗೆ ಆ ಮಗ್ಗಿಯನ್ನು ಹೊಂದಿಸಿ ಹಾಡಿಸಿದೆ. ಎಂದೂ ಬಾಯಿ ತೆರೆಯದ ಹಿಂದಿನ ಸಾಲಿನ ಹುಡುಗರೂ ದನಿಗೂಡಿಸಿದರು. ಪಕ್ಕದ ತರಗತಿಯವರು ಕಿಟಕಿಯಲ್ಲಿ ಇಣುಕಿದರು. ನನಗೂ ಹೆಮ್ಮೆಯೆನಿಸಿತು. ಮೂರು ತಿಂಗಳು ಕಳೆದ ಬಳಿಕ, ಎಲ್ಲರಿಗಿಂತ ಉತ್ಸಾಹದಿಂದ ಹಾಡಿದ್ದ ಹುಡುಗನೊಬ್ಬನನ್ನು ನಿಲ್ಲಿಸಿ, "ಹದಿನೇಳಾರಲೆ ಎಷ್ಟು?" ಎಂದು ಕೇಳಿದೆ. ಅವನು ಕಣ್ಣು ಮುಚ್ಚಿ ಮಟ್ಟನ್ನು ಗುನುಗಿದ. ಎರಡು ಸಾಲು ಸರಿಯಾಗಿಯೇ ಬಂದುವು. ಮೂರನೆಯ ಸಾಲಿಗೆ ಮಗ್ಗಿ ಜಾರಿಹೋಗಿ, ಚಿತ್ರಗೀತೆಯ ಮೂಲ ಮಾತುಗಳೇ ನಾಲಗೆಗೆ ಬಂದುವು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಸಂಜೆ ಮನೆಗೆ ನಡೆದುಹೋಗುವ ದಾರಿಯಲ್ಲಿ ಆ ನಗು ಉಳಿಯಲಿಲ್ಲ. ಮಗ್ಗಿಯನ್ನು ಹೊತ್ತು ತರಲೆಂದು ನಾನು ಕರೆದ ಹಾಡು, ಮಗ್ಗಿಯನ್ನು ನಡುದಾರಿಯಲ್ಲಿ ಇಳಿಸಿ ತಾನೊಂದೇ ಬಂದು ಸೇರಿತ್ತು.

ಈ ಸಣ್ಣ ಅನುಭವವು ಒಂದು ದೊಡ್ಡ ಪ್ರಶ್ನೆಯ ತುಣುಕೆಂಬುದು, ಪಾಶ್ಚಾತ್ಯ ದೇಶಗಳ ಕ್ರೈಸ್ತ ದೇವಾಲಯಗಳಲ್ಲಿ ನಡೆದ ಕೆಲವು ಸಂಗತಿಗಳನ್ನು ಓದಿದಾಗ ನನಗೆ ಹೊಳೆಯಿತು. ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ 1096ರಲ್ಲಿ ಕಟ್ಟಲಾರಂಭಿಸಿದ ಒಂದು ಮಹಾದೇವಾಲಯವಿದೆ. 2019ರ ಆಗಸ್ಟ್ ತಿಂಗಳಲ್ಲಿ ಅದರ ನಡುಮಂಟಪದೊಳಗೆ, ಜಾತ್ರೆಗಳಲ್ಲಿ ಕಾಣಬರುವಂತಹ ಸುಮಾರು 55 ಅಡಿ ಎತ್ತರದ ಸುರುಳಿ ಜಾರುಬಂಡೆಯೊಂದನ್ನು ನಿಲ್ಲಿಸಿದರು. ಅದೇ ಬೇಸಗೆಯಲ್ಲಿ ರೋಚೆಸ್ಟರಿನ ಮಹಾದೇವಾಲಯದೊಳಗೆ ಪುಟ್ಟ ಗಾಲ್ಫ್ ಆಟದ ಒಂಬತ್ತು ಕುಳಿಗಳ ಅಂಗಳವನ್ನು ಹಾಸಿದರು. 2024ರ ಫೆಬ್ರವರಿಯಲ್ಲಿ ಕ್ಯಾಂಟರ್ಬರಿಯ ಮಹಾದೇವಾಲಯದಲ್ಲಿ ರಾತ್ರಿಯ ಹೊತ್ತು ಜನರು ಕಿವಿಗೆ ಯಂತ್ರಗಳನ್ನು ತೊಟ್ಟು ಸಿನಿಮಾಹಾಡುಗಳಂತಹ ಜನಪ್ರಿಯ ಹಾಡುಗಳಿಗೆ ಕುಣಿದರು. ಹೊರಗೆ ಕೆಲವರು ಪ್ರತಿಭಟನೆಯಾಗಿ ಪ್ರಾರ್ಥನೆ ನಡೆಸಿದರು. ಇವು ಆರಾಧನೆಗಳಲ್ಲ, ಬರಿಯ ಉತ್ಸವಗಳೆನ್ನೋಣ. ಆದರೆ 2018ರ ಏಪ್ರಿಲಿನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಗ್ರೇಸ್ ಕೆಥೀಡ್ರಲ್ಲಿನಲ್ಲಿ ಆರಾಧನೆಯೇ ಬಿಯಾನ್ಸೆ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳಿಂದ ನಡೆಯಿತು. ವಾರದ ನಡುವಣ ಆ ಸಂಜೆಯ ಪೂಜೆಗೆ ಸುಮಾರು 900 ಜನ ಸೇರಿದರು.

ದೇವರ ಸನ್ನಿಧಿಗೆ ಜನರನ್ನು ಕರೆತರಲು ಲೋಕದ ಹಾಡನ್ನೂ ಆಟವನ್ನೂ ಬಳಸಿಕೊಳ್ಳುವುದು ಯುಕ್ತವೆ? ಇದು ಪ್ರಶ್ನೆ. ಪಾಠಕ್ಕೆ ಮಕ್ಕಳನ್ನು ಕರೆತರಲು ಆಟಪಾಟಗಳನ್ನು ಬಳಸುವ ನಾವು, ಇದು ಪರರ ಮನೆಯ ಪ್ರಶ್ನೆಯೆಂದು ಸುಮ್ಮನಿರಲಾರೆವು.

ಬೇಡವೆನ್ನುವವರ ವಾದವನ್ನು ಮೊದಲು ಗೌರವದಿಂದ ಕೇಳಬೇಕು. ಲೋಕದಲ್ಲಿ ಮನರಂಜನೆಗೆ ಸ್ಥಳಗಳು ಎಷ್ಟೋ ಇವೆ. ಮನಸ್ಸು ತನ್ನಷ್ಟಕ್ಕೆ ನಿಲ್ಲುವ ಸ್ಥಳಗಳು ಬಹು ಕಡಿಮೆ. ಹೊರಗಿನ ಗದ್ದಲವನ್ನೇ ಒಳಕ್ಕೂ ತಂದರೆ, ಗದ್ದಲದಿಂದ ಪಾರಾಗಿ ಬಂದವನು ಇನ್ನೆಲ್ಲಿಗೆ ಹೋಗಬೇಕು? ಅಲ್ಲದೆ, ಕಾಮವನ್ನೋ ಮದ್ಯವನ್ನೋ ಹೊಗಳುವ ಮಾತಿನೊಡನೆ ಬೆಳೆದ ರಾಗವು ಆ ವಾಸನೆಯನ್ನು ಬಿಟ್ಟು ಬಂದೀತೆ? ಈ ವಾದವನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವುದು ಅನ್ಯಾಯ.

ಆದರೆ ರಾಗಕ್ಕೆ ಹುಟ್ಟಿನಿಂದ ಮೈಲಿಗೆ ಅಂಟುತ್ತದೆಯೆಂಬ ಮಾತನ್ನು ಇತಿಹಾಸವು ಒಪ್ಪುವುದಿಲ್ಲ. 1601ರಲ್ಲಿ ಹಾನ್ಸ್ ಲಿಯೋ ಹಾಸ್ಲರ್ ಎಂಬ ಜರ್ಮನ್ ಸಂಗೀತಗಾರನು ಒಂದು ಪ್ರೇಮಗೀತೆಯನ್ನು ಪ್ರಕಟಿಸಿದನು. ಒಬ್ಬ ಕನ್ಯೆಯ ಮೋಹದಲ್ಲಿ ಬುದ್ಧಿಗೆಟ್ಟವನ ಹಾಡದು. ಕೆಲವೇ ವರ್ಷಗಳಲ್ಲಿ ಅದೇ ಮಟ್ಟಿಗೆ ಭಕ್ತಿಯ ಮಾತುಗಳನ್ನು ಜೋಡಿಸಿ ದೇವಾಲಯಗಳಲ್ಲಿ ಹಾಡತೊಡಗಿದರು. ಮುಂದೆ ಪಾಲ್ ಗೆರ್ಹಾರ್ಟ್ ಎಂಬ ಕವಿಯು ಶಿಲುಬೆಯ ಮೇಲಿನ ಕ್ರಿಸ್ತನ ಮುಳ್ಳುಕಿರೀಟದ ಶಿರಸ್ಸನ್ನು ಕುರಿತು ಬರೆದ ಶೋಕಗೀತೆಯು ಅದೇ ಮಟ್ಟಿನಲ್ಲಿ ನೆಲೆಗೊಂಡಿತು. ಮಹಾಸಂಗೀತಗಾರ ಬಾಖನು ತನ್ನ 'ಮತ್ತಾಯನ ಶ್ರಮಗೀತ'ದಲ್ಲಿ ಅದನ್ನು ಮತ್ತೆ ಮತ್ತೆ ತಂದಿದ್ದಾನೆ. ಇಂದು ಶುಭಶುಕ್ರವಾರದಂದು ಆ ಮಟ್ಟನ್ನು ಕೇಳಿ ಕಣ್ಣೊರಸಿಕೊಳ್ಳುವವರಿಗೆ ಅದರ ಮೊದಲ ಕನ್ಯೆಯ ನೆನಪು ಕನಸಿನಲ್ಲಿಯೂ ಬಾರದು.

ನಮ್ಮ ಕಡೆಯ ಮಾತನ್ನೇ ನೋಡಿ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಕರಾವಳಿಯ ಸಭೆಗಳಲ್ಲಿ ಜರ್ಮನ್ ಮಟ್ಟುಗಳಿಗೆ ಕನ್ನಡದ ಸ್ತೋತ್ರಗೀತೆಗಳು ಹುಟ್ಟಿದುವು. ಮೊದಲು ಕೇಳಿದ ನಮ್ಮವರಿಗೆ ಅವು ವಿಚಿತ್ರವಾಗಿಯೇ ತೋರಿರಬೇಕು. ಇಂದು ಆ ಸಭೆಗಳ ಹಿರಿಯರಿಗೆ ಆ ಮಟ್ಟುಗಳೇ ಭಕ್ತಿಯ ಸ್ವರೂಪವಾಗಿವೆ. ನಮ್ಮ ಹರಿದಾಸರಾದರೂ ಅಕ್ಕಿ ಕುಟ್ಟುವ ಸುವ್ವಿಯ ಹಾಡನ್ನೂ ತೊಟ್ಟಿಲ ಲಾಲಿಯನ್ನೂ ಮದುವೆಯ ಶೋಭಾನೆಯನ್ನೂ ದೇವರ ಮುಂದಕ್ಕೆ ಒಯ್ಯಲಿಲ್ಲವೆ?

ಆದುದರಿಂದ ಮಟ್ಟು ಎಲ್ಲಿ ಹುಟ್ಟಿತೆಂಬುದು ನಿರ್ಣಾಯಕವಲ್ಲ. ಇಷ್ಟಕ್ಕೇ ವಿಚಾರ ಮುಗಿಯಿತೆ? ಮುಗಿಯಲಿಲ್ಲ. ಹಾಸ್ಲರನ ಪ್ರೇಮಗೀತೆಯ ಮಾತುಗಳನ್ನು ಲೋಕ ಮರೆತಿದೆ. ನಿನ್ನೆಯ ಚಿತ್ರಗೀತೆಯ ಮಾತುಗಳನ್ನು ನನ್ನ ಹುಡುಗ ಮರೆತಿರಲಿಲ್ಲ. ಹೊಸ ಹಾಡು ತನ್ನ ಮನೆಮಂದಿಯನ್ನೆಲ್ಲ ಜೊತೆಗೆ ಕರೆದುಕೊಂಡೇ ಬರುತ್ತದೆ. ಕಾಲವು ನಿಧಾನವಾಗಿ ಅವರನ್ನು ಹಿಂದಕ್ಕೆ ಕಳುಹಿಸುತ್ತದೆ. ಹಾಗಾದರೆ ಕಾಲವೊಂದೇ ಶುದ್ಧಿಯ ಮಾರ್ಗವೆ? ಕಾಲಕ್ಕಿಂತ ಬೇಗನೆ ಶುದ್ಧಿ ಮಾಡುವ ಮತ್ತೊಂದುಂಟು. ಅದನ್ನು ತಿಳಿಯಲು ಥಾಮಸ್ ಡಾರ್ಸಿ ಎಂಬ ಕರಿಯ ಅಮೆರಿಕನ್ ಸಂಗೀತಗಾರನ ಜೀವನವನ್ನು ನೋಡಬೇಕು.

ಡಾರ್ಸಿ ಹುಟ್ಟಿದುದು 1899ರಲ್ಲಿ, ಜಾರ್ಜಿಯಾ ಪ್ರಾಂತದಲ್ಲಿ. 'ಬ್ಲೂಸ್' ಎಂಬ ಅಳಲಿನ ಹಾಡುಗಾರಿಕೆಯಲ್ಲಿ ಪಳಗಿ, 'ಜಾರ್ಜಿಯಾ ಟಾಮ್' ಎಂಬ ಹೆಸರಿನಿಂದ ಪಾನಗೃಹಗಳಲ್ಲಿಯೂ ರಂಗಮಂದಿರಗಳಲ್ಲಿಯೂ ಪಿಯಾನೋ ನುಡಿಸುತ್ತಿದ್ದನು. 1928ರಲ್ಲಿ ಅವನು ಗೆಳೆಯನೊಡನೆ ಹಾಡಿದ ಪೋಲಿ ಹಾಡೊಂದು ದೇಶದಲ್ಲೆಲ್ಲ ಮಾರಾಟವಾಯಿತು. ಅದೇ ಕಾಲದಲ್ಲಿ ಅವನು ಬ್ಲೂಸಿನ ವರಸೆಯಲ್ಲಿ ಭಕ್ತಿಗೀತೆಗಳನ್ನೂ ರಚಿಸುತ್ತಿದ್ದನು. ಅನೇಕ ಸಭಾಪಾಲಕರು ಅವನ್ನು ಬಾಗಿಲಿನಿಂದಲೇ ಹಿಂದಿರುಗಿಸಿದರು. 1932ರಲ್ಲಿ ಅವನು ಪರವೂರಿನಲ್ಲಿದ್ದಾಗ, ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಳೆಂಬ ಸುದ್ದಿ ಬಂದಿತು. ಹುಟ್ಟಿದ ಗಂಡುಮಗುವೂ ಬಹು ಬೇಗನೆ ತಾಯಿಯ ದಾರಿ ಹಿಡಿಯಿತು. ಆ ದುಃಖದಲ್ಲಿ ಅವನು, 'ಕೈಹಿಡಿದು ನಡೆಸು' ಎಂದು ಪ್ರಭುವನ್ನು ಬೇಡುವ ಗೀತೆಯೊಂದನ್ನು ಬರೆದನು. ಅದರ ಮಟ್ಟು ಒಂದು ಹಳೆಯ ಸ್ತೋತ್ರಗೀತೆಯದು. ಆದರೆ ಅದನ್ನು ಹಾಡುವ ವರಸೆ, ಆ ಎಳೆತ, ಆ ನಿಟ್ಟುಸಿರು, ಪಾನಗೃಹದಲ್ಲಿ ಕಲಿತ ಬ್ಲೂಸಿನದು. ಒಮ್ಮೆ ಅವನನ್ನು ಹಿಂದಿರುಗಿಸಿದ್ದ ಜನವೇ ಆ ಹಾಡನ್ನು ತಮ್ಮದಾಗಿ ಮಾಡಿಕೊಂಡಿತು. 1968ರ ಏಪ್ರಿಲ್ 4ರಂದು, ಗುಂಡೇಟಿಗೆ ಬಲಿಯಾಗುವುದಕ್ಕೆ ಕೆಲವೇ ಕ್ಷಣಗಳ ಮುಂಚೆ, ಮಾರ್ಟಿನ್ ಲೂಥರ್ ಕಿಂಗರು ಆ ರಾತ್ರಿಯ ಸಭೆಯಲ್ಲಿ ಇದನ್ನೇ ನುಡಿಸಬೇಕೆಂದು ವಾದ್ಯಗಾರನನ್ನು ಕೇಳಿಕೊಂಡಿದ್ದರು. ಅವರ ಶವಸಂಸ್ಕಾರದಲ್ಲಿ ಮಹಾಲಿಯಾ ಜಾಕ್ಸನ್ ಅದನ್ನು ಹಾಡಿದರು.

ಇಲ್ಲಿ ರಾಗವನ್ನು ತೊಳೆದುದು ಕಾಲವಲ್ಲ, ಕಣ್ಣೀರು. ಹಾಡಿದವನಿಗೆ ಆ ಹಾಡು ಬೇಕಾಗಿತ್ತು. ತನ್ನಲ್ಲಿದ್ದ ಒಂದೇ ಭಾಷೆಯಲ್ಲಿ ಅವನು ದೇವರೊಡನೆ ಮಾತನಾಡಿದನು.

ಡ್ಯೂಕ್ ಎಲ್ಲಿಂಗ್ಟನ್ನನ ಪ್ರಸಂಗವೂ ಇಂತಹುದೇ. ಆಯುಷ್ಯವೆಲ್ಲ ನೃತ್ಯಶಾಲೆಗಳಲ್ಲಿ ಜಾಝ್ ವಾದ್ಯಮೇಳವನ್ನು ನಡೆಸಿದ ಈತನು, 1965ರ ಸೆಪ್ಟೆಂಬರ್ 16ರಂದು ಮೇಲೆ ಹೇಳಿದ ಅದೇ ಗ್ರೇಸ್ ಕೆಥೀಡ್ರಲ್ಲಿನಲ್ಲಿ ತನ್ನ ಮೊದಲ ಪವಿತ್ರ ಸಂಗೀತದ ಕಛೇರಿಯನ್ನು ನಡೆಸಿದನು. ಮರುವರ್ಷ ವಾಷಿಂಗ್ಟನ್ನಿನಲ್ಲಿ ಅದನ್ನು ನಡೆಸಹೊರಟಾಗ, ಅಲ್ಲಿಯ ಬ್ಯಾಪ್ಟಿಸ್ಟ್ ಪಾದ್ರಿಗಳ ಕೂಟವು ಇವನ ಬಾಳು ಲೌಕಿಕವಾದುದೆಂದು ಬೆಂಬಲ ನೀಡಲಿಲ್ಲ. ಎಲ್ಲಿಂಗ್ಟನ್ನನು ಒಂದು ಹಳೆಯ ಕಥೆಯನ್ನು ನೆನಪಿಗೆ ತರುತ್ತಿದ್ದನು: ಪೂಜೆಯ ವೇಳೆಯಲ್ಲಿ ಚೆಂಡುಗಳನ್ನು ಎಸೆದು ಹಿಡಿಯುವ ಕೈಚಳಕವನ್ನೇ ದೇವರಿಗೆ ಅರ್ಪಿಸಿದವನೊಬ್ಬನ ಕಥೆ. ಅವನಿಗೆ ಚೆನ್ನಾಗಿ ಬರುತ್ತಿದ್ದುದು ಅದೊಂದೇ. ದೇವರು ಅದನ್ನು ಸ್ವೀಕರಿಸಿದನು. ಬೇಡರ ಕಣ್ಣಪ್ಪನ ನಾಡಿನವರಾದ ನಮಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಕಛೇರಿಯಲ್ಲಿ ಒಬ್ಬ ನರ್ತಕನು, ದಾವೀದ ಅರಸನು ದೇವರ ಮಂಜೂಷದ ಮುಂದೆ ಕುಣಿದ ಪ್ರಸಂಗವನ್ನು ಕಾಲಿನ ತಾಳದಲ್ಲಿ ಕುಣಿದು ತೋರಿಸಿದನು. ದಾವೀದನು ಕುಣಿದಾಗ ಅವನ ರಾಣಿ ಮೀಕಲಳು ಕಿಟಕಿಯಿಂದ ನೋಡಿ ಹೇಸಿದಳೆಂದು ಬೈಬಲ್ ಹೇಳುತ್ತದೆ. ಕಿಟಕಿಯಿಂದ ನೋಡುವವರಿಗೆ ಅರ್ಪಣೆಯೂ ಆಟದಂತೆಯೇ ಕಾಣುವುದು ಸಹಜ.

ಇವುಗಳಿಂದ ನನಗೊಂದು ಭೇದವು ಸ್ಪಷ್ಟವಾಗುತ್ತದೆ. ಹಾಡು ನೈವೇದ್ಯವಾಗಬಹುದು; ಹಾಡು ಗಾಳಕ್ಕೆ ಸಿಕ್ಕಿಸಿದ ಎರೆಯೂ ಆಗಬಹುದು. ಡಾರ್ಸಿ, ಎಲ್ಲಿಂಗ್ಟನ್ ಇಬ್ಬರೂ ತಮ್ಮದನ್ನು ಕೊಟ್ಟರು. ಎರೆಯನ್ನು ಹೂಡುವವನಾದರೋ ಕೊಡುವುದು ತನಗೆ ಬೇಕಾದುದನ್ನಲ್ಲ, ಮೀನಿಗೆ ಬೇಕಾದುದನ್ನು.

ಎರೆಯನ್ನು ಪೂರ್ತಿಯಾಗಿ ಹಳಿಯಲೂ ನಾನು ಸಿದ್ಧನಿಲ್ಲ. 1878ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಚಾರ್ಲ್ಸ್ ಫ್ರೈ ಎಂಬಾತನೂ ಅವನ ಮೂವರು ಮಕ್ಕಳೂ ಬೀದಿಯಲ್ಲಿ ಹಿತ್ತಾಳೆಯ ವಾದ್ಯಗಳನ್ನು ಊದಿ ರಕ್ಷಣಾಸೈನ್ಯದ ಬೋಧಕರಿಗೆ ನೆರವಾದರು. ಆ ಸೈನ್ಯದವರು ಕುಡುಕರ ಹಾಡುಗಳ ಮಟ್ಟಿಗೇ ಭಕ್ತಿಯ ಮಾತನ್ನು ಹೊಂದಿಸಿ, ಯಾವ ದೇವಾಲಯವೂ ಒಳಕ್ಕೆ ಕರೆಯದ ಬಡವರನ್ನು ಕರೆದರು. ಆದರೆ ಹಾಗೆ ಬಂದವರಿಗೆ ಅಲ್ಲಿ ಅನ್ನವಿತ್ತು, ಆಶ್ರಯವಿತ್ತು, ಕುಡಿತ ಬಿಡಬೇಕೆಂಬ ಕಠಿಣವಾದ ಮಾತೂ ಇತ್ತು. ನಾರ್ವಿಚ್ಚಿನವರಿಗೂ ಒಂದು ಸದುದ್ದೇಶವಿತ್ತು: ಜಾರುಬಂಡೆಯ ತುದಿಗೇರಿದವರು, ನೆಲದಿಂದ ಕಣ್ಣಿಗೆ ನಿಲುಕದ ಚಾವಣಿಯ ಮಧ್ಯಯುಗದ ಕೆತ್ತನೆಗಳನ್ನು ಹತ್ತಿರದಿಂದ ನೋಡಲೆಂಬುದು. ಪ್ರಶ್ನೆಯಿರುವುದು ಕರೆಯುವುದರಲ್ಲಲ್ಲ, ಕರೆದ ಮೇಲೆ ಏನೆಂಬುದರಲ್ಲಿ.

ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಂಡ ಸಭೆಯೊಂದುಂಟು. 1975ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಬಾಡಿಗೆಯ ಚಿತ್ರಮಂದಿರವೊಂದರಲ್ಲಿ ಆರಂಭವಾದ ವಿಲ್ಲೋ ಕ್ರೀಕ್ ಸಭೆಯು, ಇಗರ್ಜಿಗೆ ಹೋಗದವರಿಗೆಂದೇ ಹೊಸ ಸಂಗೀತ, ಕಿರುನಾಟಕಗಳಿಂದ ಕೂಡಿದ ಆರಾಧನೆಯನ್ನು ರೂಪಿಸಿ ಸಾವಿರಾರು ಜನರನ್ನು ಸೆಳೆಯಿತು. 2007ರಲ್ಲಿ ಆ ಸಭೆಯವರೇ ತಮ್ಮ ಜನರನ್ನು ವಿಚಾರಿಸಿ, ಫಲವನ್ನು ಮುಚ್ಚಿಡದೆ ಪ್ರಕಟಿಸಿದರು. ಕಾರ್ಯಕ್ರಮಗಳಿಗೆ ಹೆಚ್ಚು ಹೆಚ್ಚು ಬಂದ ಮಾತ್ರಕ್ಕೆ ದೇವರಲ್ಲಿಯೂ ನೆರೆಯವರಲ್ಲಿಯೂ ಪ್ರೀತಿ ಬೆಳೆದಿರಲಿಲ್ಲವೆಂಬುದೇ ಅವರು ಕಂಡ ಸತ್ಯ. ಅದನ್ನು ಓದಿದಾಗ ಹದಿನೇಳರ ಮಗ್ಗಿಯ ಹುಡುಗ ನನ್ನ ಕಣ್ಣೆದುರು ಬಂದು ನಿಂತನು.

ಬಿಯಾನ್ಸೆಯ ಹಾಡಿನ ಆರಾಧನೆಯನ್ನು ಎಲ್ಲಿಡೋಣ? ಅದನ್ನು ರೂಪಿಸಿದ ಯೊಲಾಂಡಾ ನಾರ್ಟನ್ ಎಂಬ ವಿದುಷಿ, ಇದು ಗಾಯಕಿಯ ಪೂಜೆಯಲ್ಲವೆಂದೂ, ಕರಿಯ ಹೆಂಗಸರ ಬಾಳನ್ನು ಪ್ರಾರ್ಥನೆಯ ನಡುವೆ ತರುವ ಪ್ರಯತ್ನವೆಂದೂ ಸ್ಪಷ್ಟಪಡಿಸಿದ್ದಾರೆ. ತನ್ನ ಬಾಳಿನ ಮಾತು ದೇವಾಲಯದಲ್ಲಿ ಒಮ್ಮೆಯೂ ಕೇಳಿಬಾರದ ಹೆಂಗಸಿಗೆ ಅದು ಅರ್ಪಣೆಯೇ ಆಗಿರಬಹುದು. ಹೆಸರು ಕೇಳಿ ಬಂದವನಿಗೆ ಕಛೇರಿಯಾಗಿರಬಹುದು. ಒಂದೇ ಹಾಡು, ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಎರಡಾಗುತ್ತದೆ. ಹೊರಗಿನಿಂದ ತೀರ್ಪು ಕೊಡುವುದು ಸುಲಭವಲ್ಲ.

ಶುದ್ಧವಾದ ಸ್ತೋತ್ರಗೀತೆಗೂ ಈ ಅಪಾಯ ತಪ್ಪಿದ್ದಲ್ಲ. ಸಂತ ಅಗಸ್ಟೀನನು ನಾಲ್ಕನೆಯ ಶತಮಾನದ ಕೊನೆಯಲ್ಲಿ ಬರೆಯತೊಡಗಿದ ತನ್ನ ಆತ್ಮನಿವೇದನೆಯಲ್ಲಿ, ಹಾಡಿನ ಅರ್ಥಕ್ಕಿಂತ ಹಾಡುವ ಇಂಪೇ ತನ್ನನ್ನು ಹೆಚ್ಚು ಕಲಕಿದರೆ ಅದು ತನ್ನ ಪಾಪವೆಂದು ಒಪ್ಪಿಕೊಳ್ಳುತ್ತಾನೆ; ಆದರೂ ಹಾಡು ಬೇಡವೆನ್ನುವುದಿಲ್ಲ, ಏಕೆಂದರೆ ಹಿಂದೊಮ್ಮೆ ಆ ಹಾಡುಗಳೇ ತನ್ನನ್ನು ಅಳಿಸಿ ಮೃದುಮಾಡಿದ್ದುವು. ಪ್ರವಾದಿ ಆಮೋಸನಂತೂ ಇನ್ನೂ ನಿಷ್ಠುರ: ನ್ಯಾಯವಿಲ್ಲದ ಊರಿನವರು ಎಷ್ಟು ವಿಧಿವತ್ತಾಗಿ ಹಾಡಿದರೂ ದೇವರಿಗೆ ಅದು ಬರಿಯ ಗದ್ದಲ.

ಹಾಗಾದರೆ ಅಳತೆಗೋಲು ಯಾವುದು? ನನಗೆ ತೋರಿದುದನ್ನು ವಿನಯದಿಂದ ಮುಂದಿಡುತ್ತೇನೆ. ದುಃಖದಲ್ಲಿರುವವನಿಗೆ ಅಲ್ಲಿ ಸ್ಥಳವಿದೆಯೆ ಎಂದು ನೋಡಬೇಕು. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಬಾಗಿಲು ದಾಟಿ ಒಳಗೆ ಬಂದಳೆನ್ನೋಣ. ಡಾರ್ಸಿಯ ಹಾಡು ಪಾನಗೃಹದ ವರಸೆಯದಾದರೂ ಅವಳ ಪಕ್ಕದಲ್ಲಿ ಕುಳಿತುಕೊಳ್ಳಬಲ್ಲದು. ಎಲ್ಲಿಂಗ್ಟನ್ನನ ಕುಣಿತವೂ ಅವಳನ್ನು ಹೊರದೂಡದು. ಅದರಲ್ಲಿ ಅವಳ ಜನರ ನೋವೂ ಇದೆ. ಜಾರುಬಂಡೆಗೆ ಅವಳೊಡನೆ ಆಡಲು ಮಾತಿಲ್ಲ. ಬರಿಯ ಮನರಂಜನೆಯ ಲಕ್ಷಣವೇ ಇದು: ನಗುವವರನ್ನು ಅದು ಕರೆಯುತ್ತದೆ, ಅಳುವವರನ್ನು, ಅಳು ಮುಗಿಸಿ ಬನ್ನಿರೆನ್ನುತ್ತದೆ. ಆರಾಧನೆ ಹಾಗೆನ್ನಲಾಗದು.

ಇದನ್ನೆಲ್ಲ ಯೋಚಿಸಿದ ಮೇಲೆ ನಾನು ತರಗತಿಯಲ್ಲಿ ಹಾಡನ್ನು ನಿಲ್ಲಿಸಿಬಿಟ್ಟೆನೆಂದು ಬಗೆಯಬೇಡಿ. ನಮ್ಮ ಮಕ್ಕಳಲ್ಲಿ ಅನೇಕರಿಗೆ ಶಾಲೆಯೊಂದೇ ಮನಸ್ಸು ಬಿಚ್ಚಿ ಹಾಡುವ ಸ್ಥಳ. ಮಗ್ಗಿಯನ್ನು ಈಗಲೂ ಹಾಡಿಸುತ್ತೇನೆ. ಆದರೆ ಹಾಡು ಮುಗಿದ ಬಳಿಕ ಹತ್ತು ನಿಮಿಷ ಮಟ್ಟಿಲ್ಲದ ಕೆಲಸ. ಹುಣಿಸೆಬೀಜಗಳನ್ನು ಹಂಚಿ, ಹದಿನೇಳರಂತೆ ರಾಶಿ ಮಾಡಿ ಎಣಿಸಲು ಹೇಳುತ್ತೇನೆ. ಹಾಡಿನಲ್ಲಿ ಹಿಂದುಳಿಯುವ, ದನಿಯೇಳದ ಮಗುವಿನ ಬಳಿ ಆಗ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇನೆ. ಹಾಡಿನ ಗದ್ದಲದಲ್ಲಿ ಆ ಮಗು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಆ ಹುಡುಗನೂ ಒಂದು ದಿನ ಆರು ರಾಶಿ ಮಾಡಿದ. ಒಂದೊಂದಾಗಿ ಎಣಿಸಿದ, ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದ. ಕೊನೆಗೆ ತಲೆಯೆತ್ತಿ, "ನೂರೆರಡು, ಸರ್" ಎಂದ. ಆಗ ಅವನು ಏನನ್ನೂ ಗುನುಗುತ್ತಿರಲಿಲ್ಲ.